ಗರಿಕೆ ಗೆಣ್ಣುಗೆಣ್ಣಿಗೂ ಬೇರೂರಿದ್ದು

ಲೋಕದ ಮಣ್ಣು ಇನ್ನೂ ಯಾರ ಹೆಜ್ಜೆಯನ್ನೂ ಕಾಣದಿದ್ದ ಕಾಲ, ಕೂಸೇ. ಆಗಲೇ ಗಾಳಿರಾಯನಿಗೆ ಆಟದ ಹುಚ್ಚು. ಬಾಗಿದ ಕೋಲಿನಿಂದ ಅಂಟುವಾಳದ ಕಾಯಿ ಹೊಡೆದು ದೂರದ ಗುಳಿಗೆ ಬೀಳಿಸುವುದು. ಈಗ ಗಾಲ್ಫ್ ಮೈದಾನದಲ್ಲಿ ಆಡುತ್ತಾರಲ್ಲ, ಅದೇ ಆಟ.

ಕಾಯಿ ಸರಾಗವಾಗಿ ಉರುಳಲೆಂದು ಗರಿಕೆಮ್ಮ ಬಯಲಿಡೀ ಮೈ ಚಾಚಿ ಮಲಗಿರುತ್ತಿದ್ದಳು. ಆಗ ಅವಳಿಗೆ ಇದ್ದದ್ದು ಒಂದೇ ಬೇರು.

ಒಂದು ದಿನ ಹೊಳೆದಂಡೆಯಿಂದ ಜೇಕು ಹುಲ್ಲು ಬಂದ.

"ಅಕ್ಕಾ, ಕಾಲೂರೋಕೆ ಒಂಚೂರು ಜಾಗ ಕೊಡು."

"ಬಾರಪ್ಪ," ಎಂದು ಗರಿಕೆಮ್ಮ ಸರಿದುಕೊಂಡಳು.

ಆ ನಯವಂಚಕ ಮಾಡಿದ್ದೇನು ಗೊತ್ತೇ? ಮೇಲೆ ತಲೆ ಬಗ್ಗಿಸಿ ನಿಂತ, ಮಣ್ಣಿನೊಳಗೆ ಗಡ್ಡೆಗೆ ಗಡ್ಡೆ ಪೋಣಿಸುತ್ತಾ ಹೋದ. ಇಲ್ಲೊಂದು ತಲೆ ಎದ್ದಿತು, ಅಲ್ಲೊಂದು ತಲೆ ಎದ್ದಿತು. ಗರಿಕೆಮ್ಮನ ಮಕ್ಕಳಿಗೆ ಕುಡಿಯಲು ನೀರಿಲ್ಲ, ಮೈ ಕಾಯಿಸಲು ಬಿಸಿಲಿಲ್ಲ. "ಸ್ವಲ್ಪ ಸರಿ ತಮ್ಮಾ" ಅಂದರೆ "ನೀನೇ ಸರಿ" ಅಂದ! ಪಾಪದವಳು, ಮತ್ತೆ ಸರಿದಳು.

ಗಾಳಿರಾಯನ ಕಾಯಿ ಜೇಕಿಗೆ ತಗುಲಿ ನಿಂತುಬಿಟ್ಟಿತು. ಅವನು ಬೈದದ್ದು ಯಾರನ್ನು? ಗರಿಕೆಮ್ಮನನ್ನು!

"ಏನೇ, ಬಯಲು ನೋಡ್ಕೊಳ್ಳೋದು ಹೀಗೇನೇ?"

"ಅವನು ನಮ್ಮವನಲ್ಲ ಸ್ವಾಮಿ. ದಂಟು ಮುಟ್ಟಿ ನೋಡಿ, ಮೂರು ಮೂಲೆ ಇದೆ, ನಮ್ಮ ದಂಟಿಗೆ ಮೂಲೆ ಇಲ್ಲ. ಮಳೆ ಬರಲಿ, ಮಣ್ಣು ಮೆತ್ತಗಾಗಲಿ. ಗಡ್ಡೆ ಸಮೇತ ಅಗೆದು ತೆಗೆಯೋಣ."

"ಅಲ್ಲೀವರೆಗೂ ನನ್ನ ಆಟ ನಿಲ್ಲಬೇಕಾ?"

"ಯಾಕಜ್ಜಿ ಅವನು ಕಾಯಲಿಲ್ಲ?" ಅಂದೆಯಾ? ಆಟದ ಹುಚ್ಚಿರುವವರು ಎಲ್ಲಾದರೂ ಕಾಯುತ್ತಾರೆಯೇ! ಒಣಮಣ್ಣಿನಲ್ಲೇ ಜೇಕಿನ ಜುಟ್ಟು ಹಿಡಿದು ಎಳೆದ. ಜುಟ್ಟು ಕೈಗೆ ಬಂತು, ಗಡ್ಡೆ ಒಳಗೇ ಉಳಿಯಿತು. ಒಂದೊಂದು ಗಡ್ಡೆಯಿಂದಲೂ ಹೊಸ ಜೇಕು ಎದ್ದು ನಿಂತ.

ಗಾಳಿರಾಯ ಕೋಲು ಹೆಗಲಿಗೇರಿಸಿ ಬೇರೆ ಬಯಲಿಗೆ ಹೊರಟೇಬಿಟ್ಟ. ಆಟ ಅವನದು, ಅವಸರ ಅವನದು, ಹಾಳಾದದ್ದು ಮಾತ್ರ ಇವಳ ಮನೆ. ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗರಿಕೆಮ್ಮ ಅಳುತ್ತಾ ಕೂರಲಿಲ್ಲ.

"ಸರಿದೂ ಸರಿದೂ ಸಾಕಾಯ್ತು. ಇನ್ನು ನಾನು ಸರಿಯೋಳಲ್ಲ!" ಎಂದು ಒಂದೊಂದು ಗೆಣ್ಣಿನಿಂದಲೂ ಒಂದೊಂದು ಬೇರನ್ನು ನೆಲಕ್ಕೆ ಊರಿದಳು.

ಅದಕ್ಕೇ ಕಣೇ, ಗಾಲ್ಫ್ ಮೈದಾನದಲ್ಲಿ ಮೊನ್ನೆ ಕತ್ತರಿಸಿದ ಜೇಕು ಇವತ್ತು ಮತ್ತೆ ತಲೆಯೆತ್ತಿರುತ್ತದೆ; ಅದರ ಬುಡದಲ್ಲೇ ಗರಿಕೆ ಗೆಣ್ಣುಗೆಣ್ಣಿಗೂ ನೆಲ ಕಚ್ಚಿ ಹಿಡಿದಿರುತ್ತದೆ, ಬೇಕಾದರೆ ಎಳೆದು ನೋಡು, ಬಿಡುವುದಿಲ್ಲ.