ನಡು ತಗ್ಗಿದ ಮಸೆಗಲ್ಲು

"ಗುರುಗಳೇ, ಒಬ್ಬನೇ ಇದ್ದರೆ ಮನಸ್ಸು ಹೆಚ್ಚು ಹರಿತವಾಗುವುದಿಲ್ಲವೇ?" ಎಂದು ಮರುಳಯ್ಯ ಕೇಳಿದ. ಜೊತೆಯ ಶಿಷ್ಯ ಗುರುಪಾದನೊಡನೆ ಅವನಿಗೆ ಜಗಳವಾಗಿತ್ತು. ಅಂದಿನಿಂದ ಕೋಣೆಯ ಕದ ಹಾಕಿಕೊಂಡು ಕೂತಿದ್ದ. ಈಗ ಮಠವನ್ನೇ ಬಿಟ್ಟು ಗುಡ್ಡದ ಗವಿಗೆ ಹೋಗಲು ಅಪ್ಪಣೆ ಬೇಡಿ ಬಂದಿದ್ದ.

"ಗವಿ ಎಲ್ಲಿಗೂ ಓಡಿಹೋಗುವುದಿಲ್ಲ, ಕೂತುಕೋ. ಒಂದು ಕತೆ ಕೇಳಿ ಹೋಗುವೆಯಂತೆ" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮರ ಕಡಿಯುವವನಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇದ್ದದ್ದೆಂದರೆ ಒಂದು ಕೊಡಲಿ, ಒಂದು ಮಸೆಗಲ್ಲು, ನೆರೆಮನೆಯ ತೋಟಗಾರನ ಸ್ನೇಹ. ಬೆಳಗಾದರೆ ಇಬ್ಬರೂ ಹಳ್ಳದ ದಂಡೆಯಲ್ಲಿ ಕೂತು ಕಲ್ಲು ನೆನೆಸುತ್ತಿದ್ದರು. ಇವನು ಕೊಡಲಿ ಮಸೆಯುತ್ತಿದ್ದ, ಅವನು ಕುಡುಗೋಲು ಮಸೆಯುತ್ತಿದ್ದ. ಮಸೆದಂತೆಲ್ಲ ಕಲ್ಲಿನ ನಡು ತಗ್ಗಾಗುತ್ತದೆ. ತಗ್ಗಿದ ಕಲ್ಲು ಅಲಗನ್ನು ಕೆಡಿಸುತ್ತದೆ. ಅದಕ್ಕೇ ಆ ಊರಿನವರು ಮಸೆದಾದ ಮೇಲೆ ಒಬ್ಬನ ಕಲ್ಲಿಗೆ ಇನ್ನೊಬ್ಬನ ಕಲ್ಲನ್ನು ಮುಖಕ್ಕೆ ಮುಖ ಇಟ್ಟು, ನೀರು ಹನಿಸಿ ಉಜ್ಜುತ್ತಿದ್ದರು. ಆಗ ಎರಡೂ ಸಮವಾಗುತ್ತಿದ್ದವು.

ಒಂದು ದಿನ ಮರ ಕಡಿಯುವವನ ತಲೆಗೆ ಅದೇನು ಹೊಕ್ಕಿತೋ! "ನಿನ್ನದು ಒರಟು ಕಲ್ಲು. ಅದಕ್ಕೆ ಉಜ್ಜಿ ಉಜ್ಜಿ ನನ್ನ ಒಳ್ಳೆಯ ಕಲ್ಲು ಸವೆದುಹೋಯಿತು" ಎಂದ.

"ಹಾಗಾದರೆ ನಿನ್ನ ಕಲ್ಲಿಗೆ ಹೂವೇರಿಸಿ ಪೂಜೆ ಮಾಡಿಕೋ" ಎಂದು ತೋಟಗಾರ ಎದ್ದು ಹೋದ. ಮತ್ತೆ ದಂಡೆಗೆ ಬರಲಿಲ್ಲ.

ಕಲ್ಲು ಉಳಿಯಿತಲ್ಲ ಎಂದು ಇವನಿಗೆ ಮೊದಮೊದಲು ಸಮಾಧಾನವೇ ಆಯಿತು. ಬರಬರುತ್ತ ಕೊಡಲಿ ಮರಕ್ಕೆ ಕಚ್ಚದಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನೂ ಮರ ಗಟ್ಟಿ ಎಂದ, ಕಮ್ಮಾರನ ಕಬ್ಬಿಣ ಸರಿಯಿಲ್ಲ ಎಂದ. ಇನ್ನಷ್ಟು ಮಸೆದ. ಮಸೆದಷ್ಟೂ ಕಲ್ಲು ತಗ್ಗಾಯಿತು, ಅಲಗಿನ ಮೂಲೆಗಳು ದುಂಡಗಾದವು. ದಿನವೆಲ್ಲ ಕಡಿದರೂ ಸ್ವಂತ ಒಲೆಗೆ ಸಾಲುವಷ್ಟು ಕಟ್ಟಿಗೆ ಆಗಲಿಲ್ಲ. ಹಸಿವನ್ನಾದರೂ ತಡೆದುಕೊಂಡಾನು, ದಂಡೆಯಲ್ಲಿ ಒಬ್ಬನೇ ಕೂರುವುದು ಅವನಿಂದ ಆಗಲಿಲ್ಲ. ಕೆಮ್ಮಿದರೆ ಏನಾಯಿತೋ ಎಂದು ಕೇಳುವವರಿಲ್ಲ. ಒಂದು ಬೆಳಗ್ಗೆ ಮಸೆಯುತ್ತ ಮಸೆಯುತ್ತ ಕೈ ನಿಲ್ಲಿಸಿ ಅತ್ತುಬಿಟ್ಟ.

ಕಲ್ಲನ್ನು ಕಂಕುಳಲ್ಲಿಟ್ಟುಕೊಂಡು ನೇರ ತೋಟಗಾರನ ಮನೆಗೆ ನಡೆದ. ಬಾಗಿಲು ಹಾಕಿತ್ತು. ಜಗಲಿಯ ಮೇಲೆ ತೋಟಗಾರನ ಕಲ್ಲಿತ್ತು. ಅದರ ನಡುವೂ ತಗ್ಗಾಗಿತ್ತು. ಛೇ, ಇವನಿಗೂ ಯಾರೂ ಸಿಕ್ಕಿಲ್ಲ ಎಂದು ಮರ ಕಡಿಯುವವನು ಮರುಗಿದ.

ಬಾಗಿಲು ತಟ್ಟಿ, "ಅಣ್ಣಾ, ನನ್ನದು ತಪ್ಪಾಯಿತು. ಕಲ್ಲು ತಂದಿದ್ದೇನೆ" ಎಂದ. ಒಳಗೆ ಯಾರೋ ಚಾಪೆಯಿಂದ ಎದ್ದ ಸದ್ದು ಕೇಳಿತು. ಇವನು ಕಲ್ಲು ಹಿಡಿದು ಕಾಯುತ್ತ ನಿಂತ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. "ತೋಟಗಾರ ಬಾಗಿಲು ತೆಗೆದನೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಅಂದರು: "ನಿನ್ನೆ ಗುರುಪಾದ ಬಂದು ಕದ ತಟ್ಟಿದಾಗ ನೀನು ತೆಗೆದೆಯಾ?"