ಗೆರೆಯಿಂದ ಕೆಳಗಿಳಿದ ನಕ್ಷತ್ರ

"ಬುದ್ಧೀ, ನನ್ ಹೆಂಡ್ತಿ ಮೊಕಾನೇ ಮರ್ತೋಯ್ತಾ ಅದೆ. ಮೊಕಾನೂ ಹೋದ್ಮೇಲೆ ಅವಳು ಇನ್ನೆಲ್ಲವ್ಳೆ?"

ಮಠದ ಅಡುಗೆಯ ಗುರುಮಲ್ಲಪ್ಪ ಹೀಗೆ ಕೇಳಿದ. ಎದುರು ಕೂತು ಕೈ ಮುಗಿದು ಕೇಳಿದ್ದಲ್ಲ. ಕೆಲಸದ ನಡುವೆ, ಬೆನ್ನು ತಿರುಗಿಸಿಕೊಂಡೇ ಕೇಳಿದ. ಹಿಂಬದಿಯ ಜಗಲಿಯಲ್ಲಿ ಹಿರಿಯ ಸ್ವಾಮಿಗಳು ಎಳೆಬಿಸಿಲು ಕಾಯುತ್ತ ಕೂತಿದ್ದರು. ಗುರುಮಲ್ಲಪ್ಪ ತಪ್ಪಲೆ ತೊಳೆದ ಬಿಸಿನೀರನ್ನು ಗೋಡೆಯ ಬುಡಕ್ಕೆ ತಂದ. ಒಂದು ಚೆಂಬು ತಣ್ಣೀರನ್ನು ನೆಲಕ್ಕೆ ಚಿಮುಕಿಸಿದ. ಅಲ್ಲಿ ಹರಿದಾಡುತ್ತಿದ್ದ ಇರುವೆಗಳು ಸರಿದ ಮೇಲೆ ಬಿಸಿನೀರು ಸುರಿದು, ತಪ್ಪಲೆಯನ್ನು ಬೋರಲು ಹಾಕಿ, ಬಂದು ಮೆಟ್ಟಿಲ ಮೇಲೆ ಕೂತ.

ಅವನ ಹೆಂಡತಿ ಶಿವಮ್ಮಣ್ಣಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಠದ ದಾಸೋಹದ ಒಲೆಯನ್ನು ಇಬ್ಬರೂ ಸೇರಿ ಬಹುಕಾಲ ನೋಡಿಕೊಂಡವರು. ಮದುವೆಗೆ ಮುಂಚೆ ಗುರುಮಲ್ಲಪ್ಪ ಅಡುಗೆಮನೆಗೆ ಕಾಲಿಟ್ಟರೆ ಪಾತ್ರೆಗಳೆಲ್ಲ ನಡುಗುತ್ತಿದ್ದವು ಎಂದು ಸ್ವಾಮಿಗಳು ಈಗಲೂ ಚುಡಾಯಿಸುತ್ತಾರೆ. ಅಷ್ಟು ಒರಟು ಕೈ ಅವನದು. ಜೊತೆಗೆ ನಿಂತು ಅದನ್ನು ಮೆದು ಮಾಡಿದವಳು ಶಿವಮ್ಮಣ್ಣಿ.

ಅವನ ಬಳಿ ಅವಳ ಫೋಟೋ ಇದ್ದದ್ದು ಒಂದೇ, ಮದುವೆಯದು. ಅದರಲ್ಲಿ ಅವಳು ಕ್ಯಾಮೆರಾಕ್ಕೆ ಹೆದರಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅವಳು ಹಾಗೆ ನಿಂತದ್ದನ್ನು ಅವನು ಮತ್ತೆಂದೂ ಕಂಡಿರಲಿಲ್ಲ. ಆದರೂ ದಿನವೂ ಪಂಚೆಯ ತುದಿಯಿಂದ ಅದರ ಗಾಜನ್ನು ಒರೆಸುತ್ತಿದ್ದ. ಗಾಜೇನೋ ಫಳಫಳ ಹೊಳೆಯುತ್ತಿತ್ತು. ಮುಖ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಮೊದಲು ನಗು ಮಸುಕಾಯಿತು. ಈಗೀಗ ದನಿಯೂ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ಅವಳನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದೇನೆ, ಈ ಸಲದ ತಪ್ಪು ನನ್ನದೇ ಎಂದು ಅವನಿಗೆ ಒಳಗೊಳಗೇ ಸಂಕಟ.

ಸ್ವಾಮಿಗಳು ಸಮಾಧಾನ ಹೇಳಲಿಲ್ಲ. "ಬೆಟ್ಟದ ಮೇಲಿನ ವೀಕ್ಷಣಾಲಯದಿಂದ ಒಬ್ಬರು ಬಂದಿದ್ದರಲ್ಲ, ನಿನ್ನ ಹುರುಳಿ ಸಾರನ್ನ ಎರಡು ಸಲ ಬಡಿಸಿಕೊಂಡವರು. ಅವರು ನನಗೆ ಹೇಳಿದ್ದನ್ನ ನಿನಗೆ ಹೇಳ್ತೀನಿ. ಆದರೆ ಕತೆಯೊಳಗೆ ಬಂದಮೇಲೆ ಎಂಥ ದೊಡ್ಡವರಾದರೂ ಬರೀ ಒಬ್ಬನೋ ಒಬ್ಬಳೋ ಆಗಿಬಿಡ್ತಾರೆ, ನೀನು ತಪ್ಪು ತಿಳೀಬೇಡ" ಎಂದು ಶುರುಮಾಡಿದರು.

ಒಬ್ಬಳು ಖಗೋಳ ವಿಜ್ಞಾನಿ ಇದ್ದಳು. ಅವಳ ಗಂಡನೂ ಅದೇ ವಿದ್ಯೆಯವನು. ಬಹಳ ದೂರದಲ್ಲಿ ಒಂದು ನಕ್ಷತ್ರ ಸಿಡಿದದ್ದನ್ನು ಇಬ್ಬರೂ ಜೊತೆಯಾಗಿ ಕಂಡರು. ದೊಡ್ಡ ನಕ್ಷತ್ರಗಳು ಸಾಯುವುದೇ ಹಾಗೆ. ಉರಿಯುವುದೆಲ್ಲ ಉರಿದು ಮುಗಿದ ಮೇಲೆ ಒಮ್ಮೆಲೇ ಸಿಡಿಯುತ್ತವೆ. ಅದನ್ನು ಸೂಪರ್‌ನೋವಾ ಎನ್ನುತ್ತಾರೆ. ಸಿಡಿದದ್ದು ಕೆಲಕಾಲ ಕಣ್ಣು ಕುಕ್ಕುವಂತೆ ಬೆಳಗಿ, ಆಮೇಲೆ ಮೆಲ್ಲಮೆಲ್ಲಗೆ ಕುಗ್ಗುತ್ತದೆ. ಹೇಗೆ ಕುಗ್ಗಬೇಕು ಎಂಬುದಕ್ಕೆ ಲೆಕ್ಕವಿದೆ. ಗಂಡ ಆ ಲೆಕ್ಕ ಹಾಕಿ ಒಂದು ಹಾಳೆಯ ಮೇಲೆ ಇಳಿಜಾರಾದ ಗೆರೆ ಎಳೆದ.

"ನೋಡ್ತಾ ಇರು, ಇದು ಇದೇ ದಾರೀಲಿ ಇಳಿಯುತ್ತೆ" ಎಂದ.

ನಕ್ಷತ್ರ ಇನ್ನೂ ಬೆಳಗುತ್ತಿದ್ದಾಗಲೇ ಅವನು ಕಾಯಿಲೆ ಬಿದ್ದು ತೀರಿಕೊಂಡ.

ಅವಳು ನೋಡುವುದನ್ನು ಬಿಡಲಿಲ್ಲ. ನಕ್ಷತ್ರದ ಬೆಳಕನ್ನು ಅಳೆಯುವಳು, ಹಾಳೆಯ ಮೇಲೆ ಒಂದು ಚುಕ್ಕಿ ಇಡುವಳು. ಚುಕ್ಕಿ ಸರಿಯಾಗಿ ಅವನ ಗೆರೆಯ ಮೇಲೆ ಬಂದು ಕೂರುತ್ತಿತ್ತು. ಬದುಕಿದ್ದಾಗ ಸಂಜೆ ಬೇಗ ಬರುತ್ತೇನೆ ಎಂದು ಒಂದು ದಿನವೂ ಬೇಗ ಬಾರದವನು ಈಗ ಆಡಿದ ಮಾತಿಗೆ ತಪ್ಪುತ್ತಿಲ್ಲ ಎಂದು ಅವಳಿಗೆ ನಗು ಬರುತ್ತಿತ್ತು. ನಕ್ಕ ಮೇಲೆ ಅಳು ಬರುತ್ತಿತ್ತು. ಆ ಗೆರೆ ಇರುವಷ್ಟು ದಿನ ಅವನು ಪೂರ್ತಿ ಹೋಗಿಲ್ಲ ಎಂದೇ ಅವಳು ನಂಬಿದ್ದಳು.

ಒಂದು ಸಲ ಚುಕ್ಕಿ ಗೆರೆಯಿಂದ ಕೆಳಗೆ ಬಿತ್ತು. ಕೈತಪ್ಪಿರಬೇಕು ಎಂದುಕೊಂಡಳು. ಮುಂದಿನ ಚುಕ್ಕಿ ಇನ್ನೂ ಕೆಳಗೆ ಬಿತ್ತು. ನಕ್ಷತ್ರ ಲೆಕ್ಕಕ್ಕಿಂತ ಬೇಗ ಮಂಕಾಗುತ್ತಿತ್ತು.

ವೀಕ್ಷಣಾಲಯದ ದೂರದರ್ಶಕದಲ್ಲಿ ಒಂದು ದೊಡ್ಡ ಕನ್ನಡಿ ಇರುತ್ತದೆ. ಬೆಳಕನ್ನು ಹಿಡಿದುಕೊಡುವುದು ಅದೇ. ಅದರ ಮೇಲೆ ಧೂಳು ಕೂತಿದೆ, ಅದಕ್ಕೇ ನಕ್ಷತ್ರ ಮಂಕು ಎಂದು ಅವಳು ಹಟ ಹಿಡಿದಳು. ಕನ್ನಡಿಯನ್ನು ಕೆಳಗಿಳಿಸಿ ತೊಳೆಯಬೇಕು ಎಂದಳು. ಅದೇನು ಬಚ್ಚಲಮನೆಯ ಕನ್ನಡಿಯಲ್ಲ. ಇಳಿಸಿ, ತೊಳೆದು, ಮತ್ತೆ ಲೇಪ ಕೊಟ್ಟು ಏರಿಸುವಷ್ಟು ದಿನ ಎಲ್ಲರ ಕೆಲಸವೂ ನಿಲ್ಲಬೇಕು. ಜೊತೆಗಿದ್ದ ಎಂಜಿನಿಯರ್ ತಲೆ ಕೆರೆದುಕೊಂಡ.

"ಮೇಡಂ, ಧೂಳಿದ್ದಿದ್ರೆ ಪಕ್ಕದ ನಕ್ಷತ್ರಗಳೂ ಮಂಕಾಗಬೇಕಿತ್ತಲ್ವಾ? ಅವೆಲ್ಲ ಮೊದಲಿನ ಹಾಗೇ ಇವೆ."

"ತೊಳೀರಿ ಅಂದೆನಲ್ಲ."

ಅವನು ಹೇಳಿದ್ದು ಓದಲು ಬಂದ ಹೊಸಬರಿಗೂ ಗೊತ್ತಿರುವ ಮಾತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ತೊಳೆಸಿದಳು. ಬೇಕು ಬೇಕು ಎಂಬ ಹಂಬಲ ಮನುಷ್ಯನಿಗೆ ಗೊತ್ತಿರುವುದನ್ನೆಲ್ಲ ಪಕ್ಕಕ್ಕೆ ತಳ್ಳಿಬಿಡುತ್ತದೆ. ಕನ್ನಡಿ ಥಳಥಳ ಹೊಳೆಯಿತು. ನಕ್ಷತ್ರ ಮೊದಲಿಗಿಂತ ಮಂಕಾಗಿತ್ತು.

ಕತೆ ಇಲ್ಲಿಗೆ ಬಂದಾಗ ಗುರುಮಲ್ಲಪ್ಪ ಪಂಚೆಯ ತುದಿಯನ್ನು ಕೈಯಲ್ಲಿ ಮುದುಡಿಕೊಂಡ. ಸ್ವಾಮಿಗಳು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ತೊಳೆಸಲು ಇನ್ನೇನೂ ಉಳಿಯದಾಗ ಅವಳು ನಕ್ಷತ್ರವನ್ನೇ ಕೇಳಿದಳು. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಳು. ಸಿಡಿದ ನಕ್ಷತ್ರದ ಒಡಲು ಎಲ್ಲ ದಿಕ್ಕಿಗೂ ಹಾರುತ್ತಿರುತ್ತದೆ. ಅರ್ಧ ನಮ್ಮ ಕಡೆಗೆ ಬರುತ್ತದೆ, ಅರ್ಧ ನಮ್ಮಿಂದ ದೂರ ಹೋಗುತ್ತದೆ. ಬರುವುದರ ಬೆಳಕು ನೀಲಿಯತ್ತ ವಾಲುತ್ತದೆ, ಹೋಗುವುದರದು ಕೆಂಪಿನತ್ತ. ಬರುವ ಕಡೆಯ ಬೆಳಕು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಹೋಗುವ ಕಡೆಯದು ಕಾಣೆಯಾಗಿತ್ತು. ನಡುಮನೆಗೆ ಪರದೆ ಕಟ್ಟಿದರೆ ಹಿತ್ತಲ ದೀಪ ಬೀದಿಗೆ ಕಾಣುವುದಿಲ್ಲವಲ್ಲ, ಹಾಗೆ. ನಕ್ಷತ್ರದ ಒಡಲಿನ ನಡುವೆಯೇ ಏನೋ ಅಡ್ಡ ಬಂದಿತ್ತು.

ಆಮೇಲೆ ಬಿಸಿಯನ್ನು ಕಾಣಬಲ್ಲ ಬೇರೊಂದು ಉಪಕರಣದಿಂದ ನೋಡಿದಳು. ಬೆಳಕು ಎಷ್ಟು ಕಡಿಮೆಯಾಗಿತ್ತೋ ಆ ಜಾಗದಲ್ಲಿ ಅಷ್ಟು ಬಿಸಿ ಏರಿತ್ತು. ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದಿದ್ದರೂ ಕೈಯೊಡ್ಡಿದರೆ ತಿಳಿಯುತ್ತದೆ. ಧೂಳು ಇತ್ತು. ಕನ್ನಡಿಯ ಮೇಲಲ್ಲ, ನಕ್ಷತ್ರದಲ್ಲಿ. ಸಿಡಿದ ಅನಿಲ ತಣಿಯುತ್ತ ತಣಿಯುತ್ತ ಹೊಗೆಗಿಂತ ನವಿರಾದ ಧೂಳಾಗಿ ಗಟ್ಟಿಯಾಗುತ್ತಿತ್ತು. ಆ ಧೂಳೇ ಬೆಳಕನ್ನು ನುಂಗಿ ಬಿಸಿ ಮಾಡಿಕೊಂಡಿತ್ತು.

ಗುರುಮಲ್ಲಪ್ಪನಿಗೆ ತಡೆಯಲಾಗಲಿಲ್ಲ. "ಅಷ್ಟ್ ದೊಡ್ ನಕ್ಷತ್ರ ಧೂಳಾಗೋಯ್ತಾ ಬುದ್ಧೀ?"

"ಅಂಥ ಧೂಳು ಸೇರಿ ಸೇರಿನೇ ಮಣ್ಣು, ಕಲ್ಲು ಎಲ್ಲ ಆದದ್ದಂತೆ. ನೀನು ಕೂತಿರೋ ಮೆಟ್ಟಿಲೂ ಅದೇ" ಎಂದರು ಸ್ವಾಮಿಗಳು. ಗುರುಮಲ್ಲಪ್ಪ ಮೆಟ್ಟಿಲನ್ನು ಒಮ್ಮೆ ಮುಟ್ಟಿ ನೋಡಿದ.

ಅವಳಿಗೆ ಇದರಿಂದ ಸಂತೋಷವಾಯಿತು ಎಂದುಕೊಳ್ಳಬೇಡ. ಲೋಕ ಅವಳನ್ನು ಹೊಗಳಿತು. ಅವಳಿಗೆ ಬೇಕಾಗಿದ್ದದ್ದು ಬೆಳಕು, ಸಿಕ್ಕಿದ್ದು ಧೂಳು. ಆದರೂ ಅಂದಿನಿಂದ ಇಂದಿನವರೆಗೆ ಅವಳು ಮಾಡುತ್ತಿರುವ ಕೆಲಸ ಅದೊಂದೇ, ಸಾಯುವ ನಕ್ಷತ್ರಗಳಲ್ಲಿ ಧೂಳು ಹೇಗೆ ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ ಎಂದು ತಿಳಿಯುವುದು. ಗಂಡನ ಗೆರೆಯನ್ನು ಅವಳು ಎಸೆಯಲಿಲ್ಲ. ಚುಕ್ಕಿ ಅವನ ಗೆರೆಯಿಂದ ಎಷ್ಟು ಕೆಳಗಿದೆಯೋ ಅದರಿಂದಲೇ ಧೂಳಿನ ಲೆಕ್ಕ ಸಿಗುತ್ತದೆ. ಆ ಗೆರೆ ಇಲ್ಲದಿದ್ದರೆ ನಕ್ಷತ್ರ ಸುಮ್ಮನೆ ಮಂಕಾಯಿತು ಎಂದು ಬಿಟ್ಟುಬಿಡುತ್ತಿದ್ದಳು.

"ಈಗಲೂ ಆ ಬೆಳಕನ್ನ ನೋಡಬೇಕು ಅನಿಸುತ್ತಾ ಅಂತ ನಾನು ಕೇಳಿದೆ" ಎಂದರು ಸ್ವಾಮಿಗಳು. "ದಿನಾ ಅನಿಸುತ್ತೆ ಅಂದರು."

ಅಲ್ಲಿಗೆ ಸ್ವಾಮಿಗಳು ಕತೆ ಮುಗಿಸಿದರು. ಗುರುಮಲ್ಲಪ್ಪ ಇನ್ನೇನೋ ಬರುತ್ತದೆ ಎಂದು ಕಾದ. ಬರಲಿಲ್ಲ. ಅವನಿಗೆ ಸ್ವಲ್ಪ ಕೋಪವೇ ಬಂತು.

"ಅವರ್ಗೆ ಧೂಳಾದ್ರೂ ಸಿಕ್ತು ಬುದ್ಧೀ. ನಂಗೇನ್ ಸಿಕ್ತು?" ಎಂದ. "ಅವಳ್ ಮೊಕ ಒಂದ್ಸಲ, ಒಂದೇ ಒಂದ್ಸಲ ಸರ್ಯಾಗ್ ಕಂಡಿದ್ರೆ ಸಾಕಾಗಿತ್ತು."

ಬಿಸಿಲು ಜಗಲಿಯಿಂದ ಸರಿದಿತ್ತು, ಸ್ವಾಮಿಗಳು ಶಲ್ಯವನ್ನು ಹೊದ್ದುಕೊಂಡರು. ಊಟಕ್ಕೆ ಜನ ಬರುವ ಹೊತ್ತಾಗುತ್ತಿತ್ತು. ಗುರುಮಲ್ಲಪ್ಪ ಕಣ್ಣೊರೆಸಿಕೊಂಡು ಎದ್ದ. ಸಾರಿನ ತಪ್ಪಲೆಯೊಂದು ಬಾಕಿ ಇತ್ತು. ಅದಕ್ಕೆ ಕುದಿಯುವ ನೀರು ಹುಯ್ದು ತೊಳೆದು, ಆ ನೀರನ್ನು ಹೊತ್ತು ಗೋಡೆಯ ಬುಡಕ್ಕೆ ಹೋದ. ತಪ್ಪಲೆಯನ್ನು ಕೆಳಗಿಟ್ಟ. ಚೆಂಬಿನ ತಣ್ಣೀರನ್ನು ಬೆರಳಿನಿಂದ ಮೆಲ್ಲಗೆ ಚಿಮುಕಿಸಿ, ಇರುವೆಗಳು ಸರಿಯಲಿ ಎಂದು ಬಗ್ಗಿ ನೋಡುತ್ತ ನಿಂತ.

ಜಗಲಿಯಿಂದ ಸ್ವಾಮಿಗಳು ಕೇಳಿದರು: "ಗುರುಮಲ್ಲಪ್ಪ, ಇರುವೆಗೆ ಮೊದಲು ತಣ್ಣೀರು ಚಿಮುಕಿಸೋ ಆ ಕೈ ಯಾರದು?"

ತಪ್ಪಲೆಯ ನೀರು ಆರಿಹೋಗುವವರೆಗೂ ಅವನು ತನ್ನ ಒದ್ದೆ ಬೆರಳುಗಳನ್ನೇ ನೋಡುತ್ತ ನಿಂತ.