ಗುಬ್ಬಚ್ಚಿಗೆ ಬಿಟ್ಟ ತೂಬು

ಕಾಲು ಒಳಗೆ ಎಳ್ಕೊ, ದಿಂಬು ಸರಿ ಮಾಡ್ಕೊ. ಹಾಂ. ಒಂದಾನೊಂದು ಕಾಲದಲ್ಲಿ, ನಿನ್ನಪ್ಪ ಇಲ್ಲ, ನಾನಿಲ್ಲ, ನನ್ನಜ್ಜಿ ಕೂಡ ಇನ್ನೂ ಹುಟ್ಟಿಲ್ಲ, ಅಂಥ ಕಾಲದಲ್ಲಿ, ಬಯಲುಸೀಮೆಯ ಒಂದು ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳು ಇದ್ದಳಂತೆ. ಅವಳದ್ದು ಮಾಳಿಗೆ ಮನೆ. ಹೆಂಚಲ್ಲ, ಹುಲ್ಲಲ್ಲ, ತೊಲೆ ಮೇಲೆ ಜಂತೆ, ಜಂತೆ ಮೇಲೆ ಸೊಪ್ಪುಸೌದೆ, ಅದರ ಮೇಲೆ ದಪ್ಪಗೆ ಮಣ್ಣು. ಮಳೆನೀರು ಹೊರಗೆ ಹೋಗೋಕೆ ಮಾಳಿಗೆ ಅಂಚಲ್ಲಿ ಒಂದೇ ಒಂದು ತೂಬು. ಆ ತೂಬನ್ನ ಜ್ಞಾಪಕ ಇಟ್ಕೊ ಮಗಾ, ಕತೆಯೆಲ್ಲಾ ಅದರಲ್ಲೇ ಇದೆ.

ತಿಪ್ಪಕ್ಕನಿಗೆ ಒಬ್ಬಳೇ ಮಗಳು, ಬೊಮ್ಮಕ್ಕ. ಚೊಚ್ಚಲ ಬಸುರಿ, ಹೆರಿಗೆಗೆ ಅಂತ ತೌರಿಗೆ ಬಂದಿದ್ದಳಂತೆ, ಅದೂ ನೆತ್ತಿ ಸುಡೋ ಬೇಸಿಗೆಯಲ್ಲಿ. ತಿಪ್ಪಕ್ಕ ದಿನಾ ಬಾಗಿಲಿಗೆ ಬಂದು ಆಕಾಶ ನೋಡೋಳಂತೆ. ಯಾಕೆ ಅಂತೀಯಾ? ಬೇಸಿಗೆ ಬಂತು ಅಂದ್ರೆ ಮೂರು ಜನ ಅಣ್ಣತಮ್ಮಂದಿರು ಒಬ್ಬರಾದ ಮೇಲೆ ಒಬ್ಬರು ಊರಿಗೆ ಬರೋರು. ದೊಡ್ಡೋನು ಬಿಸಿಲಪ್ಪ, ನಡುವಿನೋನು ಗಾಳೆಪ್ಪ, ಚಿಕ್ಕೋನು ಮಳೆರಾಯ. ಕರೆದ್ರೂ ಬರೋರು, ಕರೀದಿದ್ರೂ ಬರೋರು, ಯಾರ ಮನೇಲಿ ಸಂದು ಇದೆಯೋ ನೋಡಿ ಒಳಗೆ ನುಗ್ಗೋರು. ನಾನು ಹೇಗಾದ್ರೂ ಇರ್ತೀನಿ, ನನ್ನ ಮಗಳು, ಅವಳ ಹೊಟ್ಟೇಲಿರೋ ಕೂಸು ಇಬ್ಬರೂ ತಣ್ಣಗಿರಬೇಕು ಅಂತ ತಿಪ್ಪಕ್ಕ ಸೆರಗು ಬಿಗಿದು ನಿಂತಳಂತೆ.

ಗೋಡೆಗೆಲ್ಲಾ ಬೆಳ್ಳಗೆ ಸುಣ್ಣ ಬಳಿದಳಂತೆ, ಆಮೇಲೆ ಬಾಗಿಲ ಮುಂದೆ ಹೊಂಗೆಸೊಪ್ಪಿನ ಚಪ್ಪರ ಹಾಕಿದಳಂತೆ, ಆಮೇಲೆ ಚಪ್ಪರದ ಗಳಕ್ಕೆಲ್ಲಾ ಕತ್ತಾಳೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿದಳಂತೆ, ಆಮೇಲೆ ಹಿತ್ತಲಲ್ಲಿದ್ದ ಹುಲ್ಲಿನ ಬಣವೆನ ಒಲೆಯ ಕಿಡಿ ಹಾರದಷ್ಟು ದೂರ ಸಾಗಿಸಿದಳಂತೆ, ಆಮೇಲೆ ಕೆರೆಯಂಗಳದಿಂದ ಕರ್ಲು ಮಣ್ಣು ಹೊತ್ತು ತಂದು ಮಾಳಿಗೆ ಮೇಲೆ ಹರಡಿ ತುಳಿದಳಂತೆ, ಯಾಕಂದ್ರೆ ಕರ್ಲು ಮಣ್ಣು ನೀರು ಕುಡಿಯಲ್ಲ. ಆ ಮಣ್ಣು ಗಾಳಿಗೆ ಹಾರಿಹೋಗ್ದೆ ಇರ್ಲಿ ಅಂತ ಅಂಚಿನ ಮೋಟುಗೋಡೆನೂ ಒಂದು ಗೇಣು ಎತ್ತರಿಸಿದಳಂತೆ. ದಾರೀಲಿ ಹೋಗೋರು, ಏನ್ ತಿಪ್ಪಕ್ಕ, ಮನೆಗೆ ಬಸುರಿ ಬಂದಿದಾಳೋ ದಂಡು ಬರುತ್ತೋ ಅಂತ ನಗೋರಂತೆ. ನಕ್ಕೊಳ್ಳಿ, ಹೆತ್ತೋಳಿಗೆ ಗೊತ್ತು ಅಂದಳಂತೆ.

ಕೊನೆಗೆ ತೂಬು ಗುಡಿಸೋಣ ಅಂತ ಕೈ ಹಾಕಿದ್ರೆ, ಬುರ್ ಅಂತ ಒಂದು ಗುಬ್ಬಚ್ಚಿ ಹಾರಿತಂತೆ. ಬಗ್ಗಿ ನೋಡ್ತಾಳೆ, ತೂಬಿನ ತುಂಬ ಹುಲ್ಲು, ನಾರು, ನಡುವೆ ಮೊಟ್ಟೆ. ಬಸುರಿ ಇರೋ ಮನೇಲಿ ಗೂಡು ಕೀಳಬಾರದು ಅನ್ನೋದು ಆ ಊರ ಕಟ್ಟು. ತಿಪ್ಪಕ್ಕ ಕೈ ಹಿಂದಕ್ಕೆ ತಗೊಂಡಳಂತೆ. ಮಳೆಗೆ ಇನ್ನೂ ದಿನ ಇದೆ, ಅಷ್ಟರಲ್ಲಿ ನಿನ್ನ ಮರಿ ಹಾರಿಹೋಗ್ತವೆ, ಕೂತ್ಕೊಳೆ ತಾಯಿ ಅಂದಳಂತೆ. ಅಷ್ಟಕ್ಕೆ ಸುಮ್ಮನಿರದೆ, ನಾಕು ಹನಿ ಬಿದ್ರೂ ಮೊಟ್ಟೆ ನೆನೆಯಬಾರದು ಅಂತ ತೂಬಿನ ಒಳಬಾಯಿಗೆ ಒಂದು ಮುದ್ದೆ ಕರ್ಲು ಮಣ್ಣು ಮೆತ್ತಿ ಇಳಿದು ಬಂದಳಂತೆ.

ಮೊದಲು ಬಿಸಿಲಪ್ಪ ಬಂದನಂತೆ. ತಿಪ್ಪಕ್ಕ, ಒಳಗೆ ಯಾರಿದಾರೆ ಅಂದನಂತೆ. ಬಸುರಿ ಇದಾಳೆ ಕಣಪ್ಪ, ನೀನು ಹೊರಗೇ ಇರು ಅಂದಳಂತೆ. ಕೇಳ್ತಾನಾ? ಗೋಡೆಗೆ ಒರಗೋಕೆ ಹೋದ, ಸುಣ್ಣದ ಬಿಳುಪಿಗೆ ಅವನ ಕಣ್ಣೇ ಕುಕ್ಕಿತು. ಬಾಗಿಲಿಗೆ ಬಂದ, ಚಪ್ಪರದ ನೆರಳು. ಕಿಟಕಿಗೆ ಬಂದ, ಈಚಲು ಚಾಪೆ ಕಟ್ಟಿ ನೀರು ಚಿಮುಕಿಸಿದ್ದಳು. ಒಳಗೆ ಬೊಮ್ಮಕ್ಕ ಮಜ್ಜಿಗೆ ಕುಡಿದು ಹಾಯಾಗಿ ಮಲಗಿದ್ದಳಂತೆ. ಬಿಸಿಲಪ್ಪ ಮುಖ ಊದಿಸ್ಕೊಂಡು ಹೋದನಂತೆ.

ಆಮೇಲೆ ಗಾಳೆಪ್ಪ ಬಂದನಂತೆ. ಅವನು ಮಾತಾಡೋದು ಕಮ್ಮಿ, ಕಿತ್ತಾಡೋದು ಜಾಸ್ತಿ. ಚಪ್ಪರ ಹಿಡಿದು ಜಗ್ಗಿದ, ಕತ್ತಾಳೆ ಹಗ್ಗ ಬಿಡಲಿಲ್ಲ. ಬೆಳಕಿಂಡಿಗೆ ಬಂದ, ಅದರ ಮೇಲೆ ಮಡಕೆ ಕವುಚಿ ಇಟ್ಟಿದ್ದಳು. ಒಂದು ಕಿಡಿನಾದ್ರೂ ಎತ್ಕೊಂಡು ಹೋಗ್ತೀನಿ ಅಂತ ಅಡುಗೆಮನೆ ಸಂದೀಲಿ ತೂರಿದ. ಗಾಳಿ ಸದ್ದು ಕೇಳಿದ ಕೂಡಲೇ ತಿಪ್ಪಕ್ಕ ಕೆಂಡಕ್ಕೆ ಬೂದಿ ಮುಚ್ಚಿದ್ದಳಂತೆ. ಬೂದಿ ಎದ್ದು ಅವನ ಮೂಗಿಗೇ ಹೋಗಿ, ಸೀನ್ತಾ ಸೀನ್ತಾ ಊರು ಬಿಟ್ಟನಂತೆ. ನಗಬೇಡ, ನಿದ್ದೆ ಹಾರಿಹೋಗುತ್ತೆ.

ಅವನ ಬೆನ್ನಿಗೇ ಮಳೆರಾಯ ಬಂದುಬಿಟ್ಟನಂತೆ. ಇನ್ನೂ ಅವನು ಬರೋ ಕಾಲ ಅಲ್ಲ, ಆದ್ರೂ ಬಂದ. ಅದೇ ಸಾಯಂಕಾಲ ಬೊಮ್ಮಕ್ಕನಿಗೆ ನೋವು ಶುರುವಾಯ್ತಂತೆ. ಒಳಗೆ ಸೂಲಗಿತ್ತಿ ಕೂತಿದಾಳೆ, ಹೊರಗೆ ಧೋ ಅಂತ ಮಳೆ. ಸ್ವಲ್ಪ ಹೊತ್ತಿಗೆ ಮೇಲೆ ಜಂತೆ ಲಟಲಟ ಅನ್ನೋಕೆ ಶುರುವಾಯ್ತಂತೆ. ತಿಪ್ಪಕ್ಕ ತಲೆ ಎತ್ತಿ ನೋಡ್ತಾಳೆ, ಮಗಳು ಮಲಗಿರೋ ಕಡೆಗೇ ತೊಲೆ ಬಾಗಿದೆ. ಗೋಡೆ ಎತ್ತರಿಸಿ, ತೂಬು ಮುಚ್ಚಿ, ಮಗಳ ತಲೆ ಮೇಲೆ ನಾನೇ ಕೆರೆ ಕಟ್ಟಿದೀನಲ್ಲ ಅಂತ ಆಗ ತಿಪ್ಪಕ್ಕನಿಗೆ ಹೊಳೀತಂತೆ, ಗೂಡಿನ ಸಂಗತಿ ಹೇಳಿಬಿಟ್ಟಳಂತೆ. ಹೋಗು, ಆ ಗೂಡು ಕಿತ್ತು ಬಿಸಾಕು, ಮಾಳಿಗೆ ಕುಸಿದ್ರೆ ತಾಯಿ ಮಗು ಇಬ್ರೂ ಉಳಿಯಲ್ಲ ಅಂದಳಂತೆ ಸೂಲಗಿತ್ತಿ. ಬೊಮ್ಮಕ್ಕ ಆ ನೋವಲ್ಲೂ ತಾಯಿ ಕೈ ಹಿಡ್ಕೊಂಡು, ಬೇಡ ಕಣವ್ವ, ಅದೂ ನನ್ನ ಹಾಗೇ ಅಲ್ವಾ ಅಂದಳಂತೆ.

ತಿಪ್ಪಕ್ಕ ಗುದ್ದಲಿ ಹಿಡಿದು ಏಣಿ ಹತ್ತಿದಳಂತೆ. ಮಾಳಿಗೆ ಮೇಲೆ ಪಾದ ಮುಳುಗೋವಷ್ಟು ನೀರು. ಮಳೆರಾಯ, ನನ್ನ ಮೇಲೆ ಯಾಕೆ ಸಿಟ್ಟು ತಿಪ್ಪಕ್ಕ, ನಿನ್ನ ಮನೆ ನನಗೆ ಬೇಡ, ನಾನು ಕೆರೆಗೆ ಹೋಗಬೇಕು, ದಾರಿ ಕೊಡು ಅಂದನಂತೆ. ತೂಬಿನ ಮಣ್ಣು ತೆಗೆದ್ರೆ ಗೂಡು ಕೊಚ್ಕೊಂಡು ಹೋಗುತ್ತೆ, ತೆಗೀದಿದ್ರೆ ಮಗಳು ಹೋಗ್ತಾಳೆ. ತಿಪ್ಪಕ್ಕನಿಗೆ ಅಳು ಬಂತಂತೆ. ಅಳ್ತಾನೇ ತೂಬಿನ ಕಡೆ ನಡೆದಳಂತೆ, ಅಂಚಿಂದ ಬಗ್ಗಿ ನೋಡಿದ್ರೆ ಒಳಗೆ ಗುಬ್ಬಚ್ಚಿ ಮಿಸುಕಾಡದೆ ಕೂತಿತ್ತಂತೆ. ಥಟ್ಟನೆ ತಿಪ್ಪಕ್ಕ ಇನ್ನೊಂದು ಮೂಲೆಗೆ ತಿರುಗಿ, ತಾನೇ ಅಷ್ಟು ಮುತುವರ್ಜಿಯಿಂದ ಎತ್ತರಿಸಿದ ಮೋಟುಗೋಡೆಗೆ ಗುದ್ದಲಿ ಹಾಕಿದಳಂತೆ. ಒಂದೇಟು, ಎರಡೇಟು, ಮೂರನೇ ಏಟಿಗೆ ಗೋಡೆ ಬಿರಿದು ನೀರೆಲ್ಲಾ ಕೆಳಗೆ ಧುಮುಕಿತಂತೆ. ಚಪ್ಪರ ಹೋಯ್ತು, ಸುಣ್ಣದ ಗೋಡೆ ಮೇಲೆಲ್ಲಾ ರಾಡಿ. ಹೋದ್ರೆ ಹೋಗ್ಲಿ, ತೊಲೆ ನಿಂತಿತು. ಬರ್ತೀನಿ ತಿಪ್ಪಕ್ಕ ಅಂದನಂತೆ ಮಳೆರಾಯ. ಹೋಗಿ ಬಾರಪ್ಪ ಅಂದಳಂತೆ.

ಏಣಿಗೆ ಕಾಲಿಡೋ ಹೊತ್ತಿಗೆ ಒಳಗಿಂದ ಕೂಸು ಅತ್ತಿದ್ದು ಕೇಳಿಸಿತಂತೆ. ಮೈಯೆಲ್ಲಾ ಕೆಸರು, ಮುಟ್ಟೋ ಹಾಗಿಲ್ಲ, ತಿಪ್ಪಕ್ಕ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದಳಂತೆ. ಹೆಣ್ಣುಮಗು. ಆಮೇಲೆ ತೂಬಲ್ಲೂ ಚಿಲಿಪಿಲಿ ಕೇಳಿಸಿತಂತೆ. ಒಡೆದ ಜಾಗವನ್ನ ತಿಪ್ಪಕ್ಕ ಮುಚ್ಚಲಿಲ್ಲ, ಅಲ್ಲೇ ಇನ್ನೊಂದು ತೂಬು ಕೂರಿಸಿದಳಂತೆ. ಅಂದಿನಿಂದ ಆ ಊರಲ್ಲಿ ಯಾರೇ ಮನೆ ಕಟ್ಟಲಿ, ಮಾಳಿಗೆಗೆ ಎರಡು ತೂಬು, ಒಂದು ಮಳೆರಾಯನಿಗೆ, ಒಂದು ಗುಬ್ಬಚ್ಚಿಗೆ.

ಆ ಕೂಸು ಯಾರು ಅಂತೀಯಾ? ನನ್ನಜ್ಜಿ ಕಣೋ. ನನ್ನನ್ನ ತೊಡೆ ಮೇಲೆ ಹಾಕ್ಕೊಂಡು ಈ ಕತೆ ಹೇಳಿದೋಳೂ ಅವಳೇ. ಇನ್ನು ಕಣ್ಣು ಮುಚ್ಚು. ಕತೆ ಅಲ್ಲಿಗೆ ಮುಗೀತು ಮಗಾ, ನಾವೆಲ್ಲ ಅಲ್ಲಿಂದ ಶುರು.